ಎಡದ ಚಕ್ರ, ಬಲದ ಚಕ್ರ

ಕೊತ್ತತ್ತಿಯ ಅಂಕಯ್ಯನ ಮಕ್ಕಳಿಬ್ಬರು ಬೇರೆಯಾದಾಗ ಗದ್ದೆ ಪಾಲಾಯಿತು, ತೆಂಗಿನ ತೋಟ ಪಾಲಾಯಿತು, ಎತ್ತು ಎಮ್ಮೆ ಪಾಲಾದವು. ಮನೆಯ ನಡುವೆ ಗೋಡೆ ಎದ್ದಿತು. ಒರಳುಕಲ್ಲು ಅಣ್ಣನಿಗೆ, ಬೀಸುಕಲ್ಲು ತಮ್ಮನಿಗೆ ಎಂದು ಅದೂ ತೀರ್ಮಾನವಾಯಿತು. ಕಾರನ್ನು ಏನು ಮಾಡುವುದೆಂದು ಮಾತ್ರ ಪಂಚಾಯ್ತಿಗೆ ಕೂತವರಿಗೆ ತೋಚಲಿಲ್ಲ.

ಅದು ಕಪ್ಪು ಬಣ್ಣದ ಅಂಬಾಸಿಡರ್. ಆಲೆಮನೆ ಬೆಲ್ಲಕ್ಕೆ ಒಳ್ಳೆಯ ಧಾರಣೆ ಬಂದ ವರ್ಷ ಅಂಕಯ್ಯ ಅದನ್ನು ಮೈಸೂರಿನ ವಕೀಲರೊಬ್ಬರಿಂದ ಕೊಂಡು ತಂದಿದ್ದ. ಊರಿಗೆ ಅದೇ ಮೊದಲ ಕಾರು. ಮಾರಿಬಿಡಿ ಎಂದರೆ ಇಬ್ಬರೂ ಒಪ್ಪಲಿಲ್ಲ. ಸತ್ತ ಅಪ್ಪನ ಕಾರನ್ನು ಬೇರೆ ಯಾರೋ ಓಡಿಸಿಕೊಂಡು ಹೋಗುವುದನ್ನು ನೋಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಒಬ್ಬನೇ ಇಟ್ಟುಕೊಳ್ಳಲಿ ಎಂದರೆ ಇನ್ನೊಬ್ಬ ಬಿಡಲಿಲ್ಲ. ಕೊನೆಗೆ ಊರಿನ ಹಿರಿಯ ಪುಟ್ಟಮಾದಯ್ಯ ಜಗಲಿಯಿಂದ ಎದ್ದುಹೋಗಿ ಎಲೆಯಡಿಕೆ ಉಗಿದು ಬಂದು ಹೇಳಿದ:

"ನೋಡ್ರಪ್ಪ, ಅಮಾಸೆಯಿಂದ ಉಣ್ಣಿಮೆಗಂಟ ಚಿಕ್ಕೋನು ಓಡುಸ್ಲಿ, ಉಣ್ಣಿಮೆಯಿಂದ ಅಮಾಸೆಗಂಟ ದೊಡ್ಡೋನು ಓಡುಸ್ಲಿ. ಪೆಟ್ರೋಲು ಅವರವರ್ದು. ಚಕ್ರ ನಾಕವೆ. ಎಡಗಡೆ ಎರಡು ದೊಡ್ಡೋನ್ದು, ಬಲಗಡೆ ಎರಡು ಚಿಕ್ಕೋನ್ದು. ಟಯರು ಸವುದ್ರೆ ಅವರವರೇ ಆಕುಸ್ಕಳ್ಳಿ. ಇದುನ್ ಮೇಲೆ ನಂಗೇನೂ ತೋಚಕಿಲ್ಲ."

ಇಷ್ಟಕ್ಕೆಲ್ಲ ಮೂಲ ಹಿಪ್ಪುನೇರಳೆ. ದೊಡ್ಡವನು ಬೋರಯ್ಯ, ನಾಲೆ ನೀರು ಹರಿಯುವ ನೆಲವೆಲ್ಲ ಕಬ್ಬಿಗೇ ಹುಟ್ಟಿದ್ದು ಎಂದು ನಂಬಿದವನು. ಚಿಕ್ಕವನು ಶಿವಣ್ಣ, ಮಳವಳ್ಳಿ ಕಡೆಯಲ್ಲಿ ರೇಷ್ಮೆಹುಳು ಸಾಕುವವರನ್ನು ನೋಡಿ ಬಂದು, ಅಣ್ಣನನ್ನು ಒಂದು ಮಾತೂ ಕೇಳದೆ ಗದ್ದೆಯ ಒಂದು ತುಂಡಿಗೆ ಹಿಪ್ಪುನೇರಳೆ ಕಡ್ಡಿ ನೆಡಿಸಿಬಿಟ್ಟ. ಬೋರಯ್ಯ ಅವನ್ನು ಕಿತ್ತು ಬದುವಿಗೆ ಎಸೆದ. ಶಿವಣ್ಣ ಮತ್ತೆ ನೆಡಿಸಿದ. ಮಾತಿಗೆ ಮಾತು ಬೆಳೆಯಿತು. ಆಡಬಾರದ್ದನ್ನು ಇಬ್ಬರೂ ಆಡಿದರು. ಆಮೇಲೆ ಆಡುವುದನ್ನೇ ಬಿಟ್ಟರು.

ಶಿವಣ್ಣನಿಗೆ ಗದ್ದೆ ಪಾಲಾದದ್ದಕ್ಕಿಂತ ಗೋಡೆ ಎದ್ದದ್ದು ಹೆಚ್ಚು ಸಂಕಟ ಕೊಟ್ಟಿತ್ತು. ಗೋಡೆಯ ಆಚೆಗಿದ್ದವಳು ಅತ್ತಿಗೆ ಹೊಂಬಾಳಮ್ಮ. ಅವಳು ಮಳವಳ್ಳಿಯಿಂದ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. ತಾಯಿ ಇಲ್ಲದ ಹುಡುಗನ ತಲೆಗೆ ಎಣ್ಣೆ ಒತ್ತಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿದವಳು ಅವಳೇ. ಬೇರೆಯಾದ ವರ್ಷ ಶಿವಣ್ಣನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅವನು ತಾನೇ ಒಲೆ ಹಚ್ಚಿ, ಗಂಟುಗಂಟಾದ ಮುದ್ದೆ ತಿರುವಿಕೊಂಡು ಉಣ್ಣುತ್ತಿದ್ದ. ಗೋಡೆಯಾಚೆಯಿಂದ ಅವರೆಕಾಳಿನ ಸಾರಿನ ಒಗ್ಗರಣೆ ವಾಸನೆ ಬಂದರೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂರುತ್ತಿದ್ದ.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಕಾರಿನ ನಾಲ್ಕೂ ಟಯರು ಬೋಳಾದವು. ಹೊಸ ಟಯರು ಕೇಳಿದ ಕಡೆ ಸಿಗುತ್ತಿರಲಿಲ್ಲ. ಮಂಡ್ಯದ ಗುತ್ತಲು ರಸ್ತೆಯಲ್ಲಿ ಮರಿಸಿದ್ದಯ್ಯ ಎಂಬಾತ ಹಳೆ ಟಯರಿನ ಮೇಲೆ ಹೊಸ ರಬ್ಬರು ಕೂರಿಸಿ ರೀಸೋಲ್ ಮಾಡಿಕೊಡುತ್ತಿದ್ದ. ಬೋರಯ್ಯ ತನ್ನ ಎರಡನ್ನು ಒಂದು ದಿನ ಕೊಟ್ಟು ಬಂದ, ಶಿವಣ್ಣ ತನ್ನ ಎರಡನ್ನು ಇನ್ನೊಂದು ದಿನ. ನಾಲೆ ಏರಿಯ ಜೇಡಿಮಣ್ಣಿನಲ್ಲಿ ಓಡುವ ಕಾರು ಎಂದು ಕೇಳಿ ಮರಿಸಿದ್ದಯ್ಯ ನಾಲ್ಕಕ್ಕೂ ಒಂದೇ ಅಚ್ಚು ಹಾಕಿದ. ಟ್ರ್ಯಾಕ್ಟರ್ ಚಕ್ರಕ್ಕಿದ್ದಂತೆ, ಮೀನಿನ ಮುಳ್ಳಿನ ಹಾಗೆ ಎರಡು ಕಡೆಗೂ ಓರೆಯಾಗಿ ಇಳಿದ ದಪ್ಪ ಪಟ್ಟೆ. ಟಯರಿನ ಪಕ್ಕದಲ್ಲಿ ಉಬ್ಬಿ ನಿಂತ ಒಂದು ಬಾಣದ ಗುರುತು.

"ಇದು ಕೆಸರ್ನ ಕಚ್ಕಂಡು ಆಚೀಕೆ ಎಸೀತದೆ," ಎಂದು ಅವನು ಶಿವಣ್ಣನಿಗೆ ತೋರಿಸಿದ್ದ. "ಆದ್ರೆ ಒಂದೇ ದಿಕ್ಕು. ಈ ಬಾಣ ಮುಂದಕ್ಕೇ ಉರುಳ್ಬೇಕು. ಉಲ್ಟಾ ಕಟ್ಟುದ್ರೆ ಕೆಸರೆಲ್ಲ ಒಳೀಕೇ ತುಂಬ್ಕತದೆ. ಆಗಾಗ ಮುಂದಿಂದ ಇಂದಕ್ಕೆ, ಇಂದಿಂದ ಮುಂದಕ್ಕೆ ಬದ್ಲಾಯ್ಸಿ, ಸಮ್ಕೆ ಸವೀತವೆ. ಎಡಗಡೇವು ಎಡಕ್ಕೇ ಇರ್ಲಿ, ಬಲಗಡೇವು ಬಲಕ್ಕೇ ಇರ್ಲಿ. ನಿಮ್ಮಣ್ಣಂಗೂ ಯೇಳಿವ್ನಿ."

ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಇದಕ್ಕಿಂತ ಅನುಕೂಲದ ಟಯರು ಇನ್ನೆಲ್ಲಿ ಸಿಗಬೇಕು. ಬೋರಯ್ಯ ತನ್ನ ಸರದಿಯಲ್ಲಿ ಎಡಗಡೆಯವನ್ನು ಹಿಂದುಮುಂದು ಮಾಡಿಕೊಂಡ. ಶಿವಣ್ಣ ತನ್ನ ಸರದಿಯಲ್ಲಿ ಬಲಗಡೆಯವನ್ನು. ಯಾರೂ ಯಾರ ಚಕ್ರವನ್ನೂ ಮುಟ್ಟುವ ಹಾಗಿರಲಿಲ್ಲ.

ಆದರೆ ಮರುವರ್ಷದ ಬೇಸಿಗೆ ಬರುವ ಹೊತ್ತಿಗೆ ಬೋರಯ್ಯನ ಎರಡು ಟಯರೂ ಸವೆದು ಪಟ್ಟೆ ಮಾಸಿಹೋಗಿದ್ದವು. ಶಿವಣ್ಣನವು ಇನ್ನೂ ಗಟ್ಟಿಯಾಗಿದ್ದವು. ಒಂದು ಸಂಜೆ ಬೋರಯ್ಯ ಹೆಂಡತಿಗೆ ಹೇಳಿದ್ದು ಗೋಡೆಯಾಚೆಗೆ ಚೆನ್ನಾಗಿಯೇ ಕೇಳಿಸಿತು.

"ಬೇಕಂತ್ಲೇ ಮಾಡ್ತವ್ನೆ ಕಣೆ. ಅವುನ್ ಸರದಿ ಬಂದಾಗ ಎಡಗಡೆ ಚಕ್ರನ ಕಲ್ಲು ಮೇಲೇ ಅತ್ತುಸ್ತನೆ. ನನ್ ಟಯರು ಸವೀಲಿ ಅಂತ."

"ನಿಮ್ಗೆ ಬುದ್ದಿ ಕೆಟ್ಟದೆ," ಎಂದಳು ಹೊಂಬಾಳಮ್ಮ. "ಅವ್ನು ಅಂಥೋನಲ್ಲ."

ಶಿವಣ್ಣ ಎದ್ದು ಗೋಡೆಯ ತನಕ ಹೋದ. ಏನಾದರೂ ಅನ್ನಬೇಕೆಂದು ಬಾಯಿ ತೆರೆದ. ಅತ್ತಿಗೆ ತನ್ನ ಪರವಾಗಿ ಆಡಿದ ಮಾತು ಕಿವಿಯಲ್ಲಿತ್ತು. ಅದು ಕೆಟ್ಟುಹೋಗದಿರಲಿ ಅನ್ನಿಸಿ ಸುಮ್ಮನೆ ಬಂದು ಕೂತ.

ಇವರಿಬ್ಬರ ನಡುವೆ ಹುಟ್ಟಿದವಳೊಬ್ಬಳು ಇದ್ದಳು, ಚಿಕ್ಕಬೋರಮ್ಮ. ಬೋರಯ್ಯನಿಗೆ ತಂಗಿ, ಶಿವಣ್ಣನಿಗೆ ಅಕ್ಕ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕೊಟ್ಟಿದ್ದರು. ಅವಳ ಮಗಳಿಗೆ ಮಳವಳ್ಳಿ ಕಡೆಯ ಒಳ್ಳೆಯ ಗಂಡು ಗೊತ್ತಾಗಿ ವೀಳ್ಯಶಾಸ್ತ್ರಕ್ಕೆ ದಿನ ಕಟ್ಟಿದ್ದರು. ಅಣ್ಣತಮ್ಮಂದಿರ ಜಗಳ ಅವಳ ಕಿವಿಗೂ ಬಿದ್ದಿತ್ತು. ಕರೆಯಲು ಬಂದವನ ಕೈಲಿ ಎರಡು ಮನೆಗೂ ಒಂದೇ ಮಾತು ಹೇಳಿಸಿದಳು: "ಇಬ್ರು ಸೋದರಮಾವುದ್ರೂ ಒಂದೇ ತಟ್ಟೆಗೆ ಕೈಯಾಕಿ ತಾಂಬೂಲ ಬದ್ಲಾಯ್ಸಬೇಕು. ಒಬ್ಬ ಬರ್ನಿಲ್ಲ ಅಂದ್ರೂ ಗಂಡಿನೋರ್ನ ಅಂಗೇ ಕಳುಸ್ಬುಡ್ತೀನಿ."

ಶಾಸ್ತ್ರದ ದಿನ ಕಾರಿನ ಸರದಿ ಶಿವಣ್ಣನದು. ಬೋರಯ್ಯ ಬಸ್ಸಿಗೆ ಹೋಗುವುದೆಂದು ಹೊರಟು ನಿಂತಿದ್ದ. ಹೆಂಡತಿಯನ್ನು ಕೂಸಿನ ಜೊತೆ ಮನೆಯಲ್ಲೇ ಬಿಟ್ಟು ಶಿವಣ್ಣ ಮಡಿ ಪಂಚೆ ಉಟ್ಟು ಕೊಟ್ಟಿಗೆಗೆ ಬಂದರೆ, ಕಾರಿನ ಹಿಂದಿನ ಸೀಟಿನಲ್ಲಿ ಅತ್ತಿಗೆ ಆಗಲೇ ಕೂತಿದ್ದಳು. ಪಕ್ಕದಲ್ಲಿ ಬಾಳೆಹಣ್ಣಿನ ಗೊನೆ, ತೆಂಗಿನಕಾಯಿ ಚೀಲ, ಹೂವಿನ ಬುಟ್ಟಿ. ಇನ್ನೊಬ್ಬರಿಗೆ ಜಾಗವಿಲ್ಲ.

"ನನ್ ಮೈದ ಕರ್ಕಂಡೋಯ್ತನೆ," ಎಂದಳು ಗಂಡನ ಕಡೆ ನೋಡದೆ. "ಬಸ್ಸಲ್ಲಿ ಬರೋರು ಬಸ್ಸಲ್ಲಿ ಬನ್ನಿ. ಮುಂದ್ಗಡೆ ಜಾಗ ಐತೆ, ಕೂರೋರು ಕೂರಿ."

ಬೋರಯ್ಯ ಬಹಳ ಹೊತ್ತು ಟವೆಲ್ಲು ಕೊಡವಿದ. ಆಮೇಲೆ ಬಂದು ಮುಂದಿನ ಸೀಟಿನಲ್ಲಿ, ಬಾಗಿಲಿಗೆ ಅಂಟಿಕೊಂಡ ಹಾಗೆ ಕೂತ. ಅಮಾವಾಸ್ಯೆ ಕಳೆದ ಮೇಲೆ ಶಿವಣ್ಣ ಕಾರು ತೆಗೆದದ್ದು ಅದೇ ಮೊದಲು. ಅಣ್ಣನ ಎದುರಿಗೆ ಗೇರನ್ನು ನೋಡಿ ನೋಡಿ ಹಾಕಿದ. ಕಾರು ಓಡಿಸಲು ಕಲಿಸಿದವನು ಅಣ್ಣನೇ. ನಾಲೆ ಏರಿಯ ಮೇಲೆ ಪಕ್ಕದಲ್ಲಿ ಕೂತು, ತಪ್ಪಿದಾಗಲೆಲ್ಲ ತಲೆಗೆ ಮೊಟಕಿ ಕಲಿಸಿದ್ದ.

ಮಂಡ್ಯ ದಾಟಿ ಬೆಂಗಳೂರು ರಸ್ತೆಗೆ ಬಿದ್ದರು. ಎದುರಿನಿಂದ ಬಸ್ಸು ಬಂದರೆ, ಲಾರಿ ಬಂದರೆ, ಶಿವಣ್ಣ ಕಾರನ್ನು ಎಡಕ್ಕೆ ಒತ್ತುತ್ತಿದ್ದ. ಟಾರು ಇದ್ದದ್ದು ಒಂದು ಗಾಡಿಯ ಅಗಲಕ್ಕೆ ಮಾತ್ರ. ಎಡಗಡೆಯ ಚಕ್ರಗಳು ಟಾರಿನ ಅಂಚಿನಿಂದ ಕೆಳಗಿಳಿದು ಚೂಪು ಜಲ್ಲಿಯ ಮೇಲೆ ಗರಗರ ಸದ್ದು ಮಾಡಿ, ಬಸ್ಸು ಹೋದ ಮೇಲೆ ಧಡಕ್ಕೆಂದು ಮೇಲೇರುತ್ತಿದ್ದವು. ಹೀಗೆ ಹಲವು ಸಲ ಆಯಿತು. ಶಿವಣ್ಣ ಇಷ್ಟು ದಿನ ಆ ಸದ್ದಿಗೆ ಗಮನ ಕೊಟ್ಟವನೇ ಅಲ್ಲ. ಇವತ್ತು ಅಣ್ಣ ಪಕ್ಕದಲ್ಲಿದ್ದುದರಿಂದ ಕೇಳಿಸಿತು. ಯಾರು ಓಡಿಸಿದರೂ ಬಸ್ಸಿಗೆ ದಾರಿ ಬಿಡಲೇಬೇಕು. ಬಿಟ್ಟಾಗ ಕಲ್ಲಿನ ಮೇಲೆ ಇಳಿಯುವುದು ಎಡಗಡೆಯೇ. ಸವೆದದ್ದು ಇದಕ್ಕೇ ಎಂದು ಹೊಳೆದು ಅವನು ಓರೆಗಣ್ಣಿನಿಂದ ನೋಡಿದ. ಬೋರಯ್ಯನೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗಿನ ಚಕ್ರವನ್ನೇ ನೋಡುತ್ತಿದ್ದ. ಮುಖ ಒಳಗೆ ತಂದು ಹಣೆಯ ಬೆವರು ಒರೆಸಿಕೊಂಡ.

ಮದ್ದೂರು ದಾಟಿ ಸ್ವಲ್ಪ ದೂರಕ್ಕೆ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರು. ಅಲ್ಲಿಂದ ಮಣ್ಣುರಸ್ತೆ. ಹಿಂದಿನ ದಿನ ಭರಣಿ ಮಳೆ ಚೆನ್ನಾಗಿ ಹೊಡೆದಿತ್ತು. ಗಾಡಿಗಳು ಓಡಾಡಿ ರಸ್ತೆ ರೊಜ್ಜಾಗಿತ್ತು. ಬೆಳ್ಳೂರು ಇನ್ನೇನು ಹತ್ತಿರವಾಯಿತು, ಹುಣಸೆಮರಗಳ ಮೇಲೆ ಕೊಕ್ಕರೆಗಳು ಬೆಳ್ಳಗೆ ಕಾಣುತ್ತಿದ್ದವು ಅನ್ನುವಾಗ ಒಂದು ಹಳ್ಳದ ಇಳಿಜಾರು ಸಿಕ್ಕಿತು. ಇಂಥ ಕೆಸರನ್ನು ಈ ಟಯರುಗಳು ಎಷ್ಟೋ ಸಲ ದಾಟಿದ್ದವು. ಶಿವಣ್ಣ ಧೈರ್ಯದಿಂದ ಇಳಿಸಿದ. ಹಿಂದಿನ ಚಕ್ರಗಳು ಒಂದೆರಡು ಸುತ್ತು ಕಿರುಗುಟ್ಟಿದವು, ಕಾರು ಪಕ್ಕಕ್ಕೆ ಜಾರಿತು, ನಿಂತಿತು. ಗೇರು ಬದಲಿಸಿ ಒತ್ತಿದಷ್ಟೂ ಚಕ್ರ ಸುಮ್ಮನೆ ಸುತ್ತಿ ಇನ್ನೂ ಆಳಕ್ಕೆ ಕೂತಿತು.

ಶಿವಣ್ಣ ಪಂಚೆ ಎತ್ತಿಕಟ್ಟಿ ಇಳಿದ. ಹಿಂದಿನ ಚಕ್ರದ ಪಟ್ಟೆಗಳ ಸಂದಿಯಲ್ಲಿ ಜೇಡಿಮಣ್ಣು ಗಿಡಿದು ತುಂಬಿಕೊಂಡು ಟಯರು ಉರುಟು ಕೊರಡಿನ ಹಾಗಾಗಿತ್ತು. ಬೆರಳಿನಿಂದ ಮಣ್ಣು ಕೆರೆದ. ಪಕ್ಕದ ಬಾಣ ಕಾಣಿಸಿತು. ಅದು ಹಿಂದಕ್ಕೆ ತಿರುಗಿತ್ತು. ಆ ಕಡೆ ಹೋಗಿ ನೋಡಿದ. ಅಲ್ಲೂ ಹಿಂದಕ್ಕೆ. ಎಡಗಡೆ ಇದ್ದವು ತನ್ನ ಗಟ್ಟಿ ಟಯರುಗಳು. ಬಲಗಡೆ ಇದ್ದವು ಅಣ್ಣನ ಬೋಳು ಟಯರುಗಳು.

ಅವನಿಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. ಅಣ್ಣ ತನ್ನ ಸರದಿಯಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮಾಡಿಟ್ಟಿದ್ದಾನೆ. ಮೈಯೆಲ್ಲ ಉರಿದುಬಂತು. ಇಷ್ಟು ದಿನ ಗೋಡೆಯಾಚೆಯಿಂದ ಕೇಳಿಸಿಕೊಂಡದ್ದಕ್ಕೆಲ್ಲ ಉತ್ತರ ಕೊಡುವ ಗಳಿಗೆ ಇದು. ಅತ್ತಿಗೆಯ ಎದುರಿಗೇ ಕೊಡಬಹುದು. ಅವನು ನೆಟ್ಟಗೆ ನಿಂತು ನೋಡಿದ. ಬೋರಯ್ಯ ಇಳಿದು ಬಂದು ಕೆಸರಿನಲ್ಲಿ ನಿಂತಿದ್ದ. ಟವೆಲ್ಲನ್ನು ಎರಡು ಕೈಯಲ್ಲೂ ಹಿಂಡುತ್ತಿದ್ದ. ಕಿವಿಯ ಮೇಲಿನ ಕೂದಲು ಎಷ್ಟು ಬೆಳ್ಳಗಾಗಿದೆ ಎಂದು ಶಿವಣ್ಣ ನೋಡಿದ್ದು ಆಗಲೇ. ಒಂದೇ ಮನೆಯಲ್ಲಿದ್ದಾಗ ಅದು ಹೀಗಿರಲಿಲ್ಲ.

"ಬಾಣ ಉಲ್ಟಾ ಐತೆ," ಎಂದ, ಅಷ್ಟೇ.

ಬೋರಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ನಾನೇ ಬದ್ಲಾಯ್ಸಿದ್ದು," ಎಂದ. "ನನ್ನವೇ ಸವೀತವಲ್ಲ, ನಿನ್ವೂ ಒಸಿ ಕಲ್ಲು ಮೇಲೆ ಉರುಳ್ಲಿ ಅಂತ. ಬಾಣ ಗೀಣ ಎಲ್ಲ ಅವ್ನು ಅಂಗಡಿಯೋನು ಜಂಬುಕ್ ಯೇಳ್ತನೆ ಅನ್ಕಂಡಿದ್ದೆ."

ತಮ್ಮನಿಗೆ ಅವನು ನೇರವಾಗಿ ಆಡಿದ ಮೊದಲ ಮಾತು ಅದು, ಬೇರೆಯಾದ ಮೇಲೆ.

ಹೊಂಬಾಳಮ್ಮ ಕಾರಿನಿಂದ ಇಳಿದಳು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಮನೆಗೆ ಗೋಡೆ ಎತ್ತುದ್ರಿ, ನೋಡ್ಕಂಡಿದ್ದೆ," ಎಂದಳು. "ಗದ್ದೆಗೆ ಬದ ಆಕುದ್ರಿ, ನೋಡ್ಕಂಡಿದ್ದೆ. ಅಲ್ಲಿ ಎಣ್ಣುಮಗ ಸೀರೆ ಉಟ್ಕಂಡು ಕಾಯ್ತಾ ಕುಂತದೆ. ಗಂಡಿನೋರು ಒತ್ತು ಮುಳುಗೋಕ್ ಮುಂಚೆ ಮಳವಳ್ಳಿಗೆ ಓಗ್ಬೇಕು. ನಿಮ್ ಚಕ್ರ ಯಾರ್ದಾದ್ರೂ ಆಗ್ಲಿ, ಕಾರು ಮೇಲಕ್ ಬರ್ಲಿ. ಇಲ್ದಿದ್ರೆ ನಾನು ನಡ್ಕಂಡೋಯ್ತೀನಿ, ನೀವಿಬ್ರೂ ಇಲ್ಲೇ ಪಾಲು ಮಾಡ್ಕಂಡು ಕೂತ್ಕಳಿ."

ಶಿವಣ್ಣ ಡಿಕ್ಕಿ ತೆಗೆದು ಜಾಕು, ಸ್ಪ್ಯಾನರು, ಸ್ಟೆಪ್ನಿ ಇಳಿಸಿದ. "ಎಳೆಯೋವು ಇಂದಿನ ಚಕ್ರ. ಅವೆರಡ್ನ ಅದ್ಲುಬದ್ಲು ಮಾಡುದ್ರೆ ಸಾಕು," ಎಂದ. ಯಾರಿಗೆ ಹೇಳಿದ್ದೆಂದು ಹೆಸರು ಹಿಡಿಯಲಿಲ್ಲ. ಬೋರಯ್ಯ ಆಗಲೇ ಶರಟು ಬಿಚ್ಚಿ ಬಾಗಿಲಿಗೆ ನೇತುಹಾಕುತ್ತಿದ್ದ.

ಜಾಕು ಇಟ್ಟರೆ ಕಾರು ಏಳಲಿಲ್ಲ, ಜಾಕೇ ಕೆಸರಿಗೆ ಇಳಿಯಿತು. ಹೊಂಬಾಳಮ್ಮ ಹಳ್ಳದ ಬದಿಯಲ್ಲಿದ್ದ ಒಂದು ಚಪ್ಪಡಿ ಕಲ್ಲು ತೋರಿಸಿದಳು. ಅಣ್ಣತಮ್ಮಂದಿರು ಅದನ್ನು ಎರಡು ಕಡೆ ಹಿಡಿದು ಹೊತ್ತು ತಂದರು. ಅದರ ಮೇಲೆ ಜಾಕು ನಿಂತಿತು. ಎಡದ ಚಕ್ರ ಬಿಚ್ಚಿ ಅಲ್ಲಿಗೆ ಸ್ಟೆಪ್ನಿ ಕಟ್ಟಿದರು. ಬಲಕ್ಕೆ ಹೋಗಿ ಅಲ್ಲಿನದನ್ನು ಬಿಚ್ಚಿ, ಎಡದಿಂದ ತೆಗೆದದ್ದನ್ನು ಅಲ್ಲಿಗೆ ಕಟ್ಟಿದರು. ಮತ್ತೆ ಎಡಕ್ಕೆ ಬಂದು ಸ್ಟೆಪ್ನಿ ತೆಗೆದು ಬಲದ್ದನ್ನು ಕೂರಿಸಿದರು. ಮಧ್ಯದಲ್ಲಿ ಒಂದು ನಟ್ಟು ಬಿಗಿದುಕೊಂಡು ಜಪ್ಪಯ್ಯ ಅನ್ನಲಿಲ್ಲ. ಶಿವಣ್ಣ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತಿದ, ಜಾರಿದ.

"ಅಂಗಲ್ಲ ಕಣ್ಲಾ," ಎಂದು ಬೋರಯ್ಯ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. "ಎಲ್ಡ್ ಕೈಲೂ ಇಡ್ಕೊ. ನಾನ್ ಒತ್ತುವಾಗ ನೀನ್ ಮೇಲಕ್ ಎಳಿ."

ಇಬ್ಬರ ಬಲಕ್ಕೆ ನಟ್ಟು ಕಿರ್ರೆಂದು ಬಿಟ್ಟುಕೊಂಡಿತು. ಕಣ್ಲಾ ಎಂಬ ಆ ಮಾತು ಶಿವಣ್ಣನ ಎದೆಯಲ್ಲಿ ಎಲ್ಲೋ ಹೋಗಿ ಕೂತಿತು. ಅವನು ಮುಖ ತಗ್ಗಿಸಿ ಉಳಿದ ನಟ್ಟುಗಳನ್ನು ಬಿಗಿದ.

ಪಕ್ಕದ ಗದ್ದೆಯಲ್ಲಿದ್ದ ಕರಿಯಯ್ಯ ಎಂಬ ರೈತ ಒಣಗಿದ ಕಬ್ಬಿನ ಸೋಗೆ ಒಂದು ಹೊರೆ ತಂದು ಚಕ್ರದ ಮುಂದೆ ಹಾಸಿಕೊಟ್ಟ. ಶಿವಣ್ಣ ಪಟ್ಟೆಯ ಸಂದಿಯ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದು ಒಳಗೆ ಕೂತ. ಬೋರಯ್ಯ, ಕರಿಯಯ್ಯ ಹಿಂದಿನಿಂದ ಹೆಗಲು ಕೊಟ್ಟರು. ಚಕ್ರ ಸುತ್ತಿತು, ಸೋಗೆಯನ್ನು ಹಿಡಿಯಿತು, ಆಮೇಲೆ ನೆಲವನ್ನೇ ಕಚ್ಚಿತು. ಕೆಸರು ಎರಡು ಕಡೆಗೂ ಚೆಲ್ಲುತ್ತಾ ಕಾರು ಏರಿ ಹತ್ತಿ ಗಟ್ಟಿ ನೆಲಕ್ಕೆ ಬಂದು ನಿಂತಿತು.

ಶಿವಣ್ಣ ತಿರುಗಿ ನೋಡಿದರೆ ಬೋರಯ್ಯ ಹಳ್ಳದಲ್ಲಿ ಮೊಣಕಾಲೂರಿ ಕೂತಿದ್ದ. ಎಸೆದ ಕೆಸರೆಲ್ಲ ಅವನ ಮೇಲೇ ಬಿದ್ದು ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಲ್ಲು ಕಂಡದ್ದು ಅವನು ನಗುತ್ತಿದ್ದುದರಿಂದ.

"ಅಂಗಡಿಯೋನು ಜಂಬುಕ್ ಯೇಳ್ನಿಲ್ಲ ಕಣ್ಲಾ," ಎಂದ. "ಚೆನ್ನಾಗ್ ಎಸೀತದೆ."

ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಶಿವಣ್ಣನಿಗೆ ತಿಳಿಯಲಿಲ್ಲ. ಅವನು ಹೋಗಿ ಅಣ್ಣನ ಕೈ ಹಿಡಿದು ಎಬ್ಬಿಸಿದ.

ಬೆಳ್ಳೂರಿನಲ್ಲಿ ಚಿಕ್ಕಬೋರಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡಿನ ಕಡೆಯವರು ಚಾಪೆಯಿಂದ ಎದ್ದು ಚಪ್ಪಲಿ ಹುಡುಕುವ ಹಂತಕ್ಕೆ ಬಂದಿದ್ದರು. ಇಬ್ಬರೂ ಒಂದೇ ಕಾರಿನಿಂದ ಇಳಿದದ್ದನ್ನು ಕಂಡು ಅವಳು ಏನೋ ಬೈಯಲು ಹೋಗಿ, ಬೈಯದೆ, ಒಳಗಿನಿಂದ ನೀರಿನ ಕೊಳಗ ತಂದು ಅಂಗಳದಲ್ಲೇ ಇಬ್ಬರ ತಲೆಯ ಮೇಲೂ ಸುರಿದಳು. ಗಂಡಿನ ಅಜ್ಜ ದೊಡ್ಡಸಿದ್ದಯ್ಯ ಜಗಲಿಯಿಂದ ನೋಡಿ, "ಸೋದರಮಾವುದ್ರು ಗದ್ದೆ ಉತ್ತು ಬಂದವ್ರೆ. ಒಳ್ಳೆ ಸಕುನ," ಎಂದ. ಚಪ್ಪಲಿ ಮೆಟ್ಟಿದ್ದವರು ಮತ್ತೆ ಬಿಟ್ಟು ಕೂತರು.

ಭಾವನ ಪಂಚೆಗಳನ್ನು ಉಟ್ಟುಕೊಂಡು ಅಣ್ಣತಮ್ಮಂದಿರು ಒಂದೇ ತಟ್ಟೆ ಹಿಡಿದರು. ತಟ್ಟೆ ಚಿಕ್ಕದು. ಬೋರಯ್ಯನ ಉಗುರುಗಳ ಸಂದಿಯಲ್ಲಿ ಇನ್ನೂ ಮಣ್ಣಿತ್ತು, ಶಿವಣ್ಣನ ಉಗುರುಗಳಲ್ಲೂ. ಅಕ್ಕನ ಮಗಳು ಇಬ್ಬರಿಗೂ ನಮಸ್ಕರಿಸುವಾಗ ಹಿತ್ತಲ ಹುಣಸೆಮರದಲ್ಲಿ ಕೊಕ್ಕರೆ ಮರಿಗಳ ಗಲಾಟೆ ಎಷ್ಟಿತ್ತೆಂದರೆ ಹಾಡು ಹೇಳುವ ಹೆಂಗಸರು ದನಿ ಎತ್ತಬೇಕಾಯಿತು. ಆಷಾಢ ಹುಟ್ಟುವುದರೊಳಗೆ ಮದುವೆ ಎಂದು ನಿಶ್ಚಯವಾಯಿತು.

ಊಟ ಮುಗಿಸಿ ಹೊರಡುವ ಮುಂಚೆ ಮುಂದಿನ ಎರಡು ಚಕ್ರಗಳನ್ನೂ ಅಂಗಳದಲ್ಲೇ ಸರಿಯಾಗಿ ಕಟ್ಟಿದರು. ಈ ಸಲ ಸ್ಪ್ಯಾನರು ಯಾರು ಹಿಡಿಯಬೇಕು, ಜಾಕು ಯಾರು ತಿರುಗಿಸಬೇಕು ಎಂದು ಯಾರೂ ಹೇಳಬೇಕಾಗಲಿಲ್ಲ.

ಆ ವಾರವೇ ಇಬ್ಬರೂ ಮಂಡ್ಯಕ್ಕೆ ಹೋದರು. ಮರಿಸಿದ್ದಯ್ಯ ಬೋರಯ್ಯನ ಟಯರುಗಳನ್ನು ಅಂಗೈಯಿಂದ ಸವರಿ ನೋಡಿ, ಒಳಗಿನ ನೂಲು ಕಾಣುತ್ತಿದೆ, ಇವು ಮತ್ತೆ ರಬ್ಬರು ತಡೆಯುವುದಿಲ್ಲ, ಬೇರೆಯವೇ ಹಾಕಬೇಕು ಎಂದ. ಅದೇ ಪಟ್ಟೆಯ ಒಂದು ಜೊತೆ ಸಿದ್ಧವಿತ್ತು.

"ಇವುನ್ನ ಎಡಗಡೆಗೇ ಆಕಣ ಅಲ್ವ, ದೊಡ್ಡೋರ್ ಕಡೀಕೆ?" ಎಂದು ಕೇಳಿದ. ಇವರ ವ್ಯವಹಾರ ಅವನಿಗೂ ಗೊತ್ತಿತ್ತು.

"ಎರಡೂ ಇಂದ್ಗಡೀಕೆ ಆಕಪ್ಪ," ಎಂದ ಶಿವಣ್ಣ. "ಎಡುಕ್ಕೊಂದು, ಬಲುಕ್ಕೊಂದು. ನನ್ನವು ಎರಡೂ ಮುಂದುಕ್ ಇರ್ಲಿ, ಅವೂ ಎಡುಕ್ಕೊಂದು ಬಲುಕ್ಕೊಂದು."

"ನಿಮ್ವು ಬಲಗಡೇವು. ಒಂದುನ್ನ ಎಡಕ್ಕೆ ತರ್ಬೇಕಂದ್ರೆ ರಿಮ್ಮಿಂದ ಬಿಚ್ಚಿ, ಮಗ್ಗುಲು ತಿರುಗ್ಸಿ ಕೂರುಸ್ಬೇಕು. ಆಗ ಬಾಣ ಸರಿಯೋಯ್ತದೆ."

"ತಿರುಗ್ಸಪ್ಪ," ಎಂದ ಬೋರಯ್ಯ. ಆಮೇಲೆ ತಮ್ಮನನ್ನು ನೋಡದೆ, ಅಂಗಡಿಯ ತೊಲೆಯನ್ನು ನೋಡುತ್ತಾ ಹೇಳಿದ: "ಬಸ್ ಬಂದಾಗ ನಾನೂ ಎಡಕ್ಕೇ ಇಳೀತಿದ್ದೆ ಕಣ್ಲಾ, ನನ್ ಸರದೀಲಿ. ಆ ಸದ್ದ ನಾನೇ ಓಡುಸ್ವಾಗ ಕೇಳ್ಸಿರ್ನಿಲ್ಲ."

"ನಂಗೂ ಅವತ್ತೇ ಕೇಳಿದ್ದು," ಎಂದ ಶಿವಣ್ಣ.

ಗೋಡೆ ಬೀಳಲಿಲ್ಲ, ಗದ್ದೆ ಮತ್ತೆ ಒಂದಾಗಲಿಲ್ಲ. ಬೋರಯ್ಯನದು ಕಬ್ಬು, ಶಿವಣ್ಣನದು ಹಿಪ್ಪುನೇರಳೆ, ಹಾಗೆಯೇ ಉಳಿಯಿತು. ಆದರೆ ಮಂಡ್ಯದಿಂದ ವಾಪಸು ಬರುವಾಗ, ಮದುವೆ ಚಪ್ಪರಕ್ಕೆ ತೆಂಗಿನ ಗರಿ ಯಾರ ತೋಟದಿಂದ ಹೋಗಬೇಕು ಎಂದು ಮಾತು ಬಂತು. ತನ್ನದರಿಂದ ಎಂದ ಬೋರಯ್ಯ, ದೊಡ್ಡಮಾವ ತಾನು. ನಿನ್ನ ಮರದ ಗರಿ ಗಿಡ್ಡ, ಅಕ್ಕನ ಅಂಗಳಕ್ಕೆ ಸಾಲುವುದಿಲ್ಲ ಎಂದ ಶಿವಣ್ಣ. ಗಿಡ್ಡ ಯಾವನಂದವನು ಎಂದು ಬೋರಯ್ಯ ಸೀಟಿನಲ್ಲಿ ತಿರುಗಿ ಕೂತ. ಸಂತೆಯಿಂದ ಬರುತ್ತಿದ್ದ ಜನ ದಾರಿ ಬಿಟ್ಟು ನೋಡುವಷ್ಟು ದನಿ ಎತ್ತಿ ಇಬ್ಬರೂ ವಾದ ಮಾಡಿದರು. ಊರು ಹತ್ತಿರ ಬರುತ್ತಿದ್ದಂತೆ ಶಿವಣ್ಣ ಗೇರು ಇಳಿಸಿ, ಎತ್ತಿನ ಗಾಡಿಯೊಂದನ್ನು ದಾಟಿ ಹೋಗಲು ಜಾಗವಿದ್ದರೂ ಹೋಗದೆ, ಅದರ ಹಿಂದೆಯೇ ನಿಧಾನವಾಗಿ ಕಾರು ಬಿಟ್ಟ. ಅಣ್ಣನ ಮಾತು ಇನ್ನೂ ಮುಗಿದಿರಲಿಲ್ಲ.